ರಾತ್ರಿ ಹೊತ್ತು ಎಲೆಯೊಳಗಿನ ಮೋಟರ್ ಉಲ್ಟಾ ಯಾಕೆ ತಿರುಗಲ್ಲ?

ಪಂಪ್‌ಸೆಟ್ ರಿಪೇರಿ, ಚಳ್ಳಕೆರೆ
ಎಲ್ಲರಿಗೂ ನಮಸ್ಕಾರ. ನಾನು ಓದಿದ್ದು ಐಟಿಐ. ಮಾಡೋದು ಬೋರ್‌ವೆಲ್ ಮೋಟರ್ ಕೆಲಸ. ಸಸ್ಯಶಾಸ್ತ್ರಕ್ಕೂ ನನಗೂ ದೂರದ ಸಂಬಂಧವೂ ಇಲ್ಲ. ತಮ್ಮ ಸೆಕೆಂಡ್ ಪಿಯು, ನೀಟ್‌ಗೆ ತಯಾರಿ ನಡೆಸಿದ್ದಾನೆ. ನಿನ್ನೆ ರಾತ್ರಿ ಅಂಗಡಿಯಲ್ಲಿ ಕೂತು ಗಟ್ಟಿಯಾಗಿ ಓದುತ್ತಿದ್ದ. ಎಲೆಯ ಕ್ಲೋರೋಪ್ಲಾಸ್ಟ್ ಒಳಗೆ ಎಟಿಪಿ ಸಿಂಥೇಸ್ ಅಂತ ಒಂದು ಕಿಣ್ವ ಇದೆಯಂತೆ. ಪ್ರೋಟಾನ್ (ಹೈಡ್ರೋಜನ್‌ನ ಪಾಸಿಟಿವ್ ಕಣ) ಹರಿದರೆ ಅದು ನಿಜವಾಗಿಯೂ ಗರಗರ ತಿರುಗುತ್ತದಂತೆ. ತಿರುಗಿದಾಗ ಎಟಿಪಿ, ಅಂದರೆ ಕೋಶದ ಕೆಲಸಕ್ಕೆ ಶಕ್ತಿ ಕೊಡೋ ಅಣು, ಹುಟ್ಟುತ್ತದಂತೆ.

ತಿರುಗೋದು ಅಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ಮೊನ್ನೆ ಪರಶುರಾಂಪುರದ ಕಡೆ ಒಂದು ಬೋರ್ ಎತ್ತಿದ್ದೆ. ನೀರು ವಾಪಸ್ ಇಳಿಯದ ಹಾಗೆ ತಡೆಯೋ ವಾಲ್ವ್, ಎನ್‌ಆರ್‌ವಿ, ಕೆಟ್ಟಿತ್ತು. ಕರೆಂಟ್ ಹೋದಾಗ ಪೈಪಿನ ನೀರೆಲ್ಲ ಕೆಳಗಿಳಿದು ಪಂಪ್ ಉಲ್ಟಾ ತಿರುಗಿದೆ. ಅದು ನಿಲ್ಲುವ ಮೊದಲೇ ಕರೆಂಟ್ ಬಂದು ಆಟೋ ಸ್ಟಾರ್ಟರ್ ಎಳೆದಿದೆ. ಶಾಫ್ಟ್ ಕಟ್. ಹಾಗಾಗಿ ನನ್ನ ಪ್ರಶ್ನೆ ಇಷ್ಟೇ. ರಾತ್ರಿ ಬಿಸಿಲಿಲ್ಲ, ಪ್ರೋಟಾನ್ ಒತ್ತಡವೂ ಇಲ್ಲ. ಒಳಗೆ ಎಟಿಪಿ ಮಾತ್ರ ಇದೆ. ಆಗ ಈ ಮೋಟರ್ ಉಲ್ಟಾ ತಿರುಗಿ ಇದ್ದಬದ್ದ ಎಟಿಪಿಯನ್ನೆಲ್ಲ ಕರಗಿಸಿಬಿಡಬೇಕಲ್ವಾ? ತಮ್ಮ ‘ಸಿಲಬಸ್‌ನಲ್ಲಿ ಇಲ್ಲ’ ಅಂದ. ಗೊತ್ತಿದ್ದವರು ಹೇಳಿ.

ಕೋಟೆ ಹತ್ತಿದವ, ಚಿತ್ರದುರ್ಗ
ಗುರೂ, ಜೋಗಿಮಟ್ಟಿ ಕಡೆ ಗುಡ್ಡದ ಮೇಲಿನ ಗಾಳಿ ಫ್ಯಾನ್‌ಗಳನ್ನು ದಿನಾ ನೋಡ್ತೀನಿ. ಗಾಳಿ ಇಲ್ಲ ಅಂದ್ರೆ ಸುಮ್ನೆ ನಿಲ್ತವೆ. ಉಲ್ಟಾ ತಿರುಗಿದ್ದು ನಾನಂತೂ ಕಂಡಿಲ್ಲ. ಅಷ್ಟೇ ಇರಬೇಕು.

ಪಂಪ್‌ಸೆಟ್ ರಿಪೇರಿ, ಚಳ್ಳಕೆರೆ
ಅಣ್ಣಾ, ಫ್ಯಾನ್‌ಗೂ ಪಂಪಿಗೂ ವ್ಯತ್ಯಾಸ ಇದೆ. ಪಂಪಿನ ಆ ಕಡೆ 600 ಅಡಿ ನೀರು ನೇತಾಡ್ತಿರುತ್ತೆ. ಎಲೆಯಲ್ಲಿ ಆ ಕಡೆ ಎಟಿಪಿ ಕೂತಿದೆ. ತಳ್ಳೋಕೆ ಏನೋ ಒಂದು ಇದ್ದಾಗ ಉಲ್ಟಾ ತಿರುಗಲೇಬೇಕು.

ನಿವೃತ್ತ ಬಾಟನಿ ಮೇಡಂ, ದಾವಣಗೆರೆ
ಪಂಪ್‌ಸೆಟ್ ಅವರೇ, 30 ವರ್ಷ ಪಿಯು ಮಕ್ಕಳಿಗೆ ಈ ಪಾಠ ಮಾಡಿದ್ದೇನೆ. ಒಬ್ಬರೂ ಈ ಪ್ರಶ್ನೆ ಕೇಳಲಿಲ್ಲ. ನಿಮ್ಮ ಊಹೆ ಸರಿ. ಈ ಕಿಣ್ವ ಎರಡೂ ಕಡೆ ತಿರುಗಬಲ್ಲದು. ಉಲ್ಟಾ ತಿರುಗಿದರೆ ಎಟಿಪಿಯನ್ನು ಒಡೆದು ಪ್ರೋಟಾನ್‌ಗಳನ್ನು ವಾಪಸ್ ತಳ್ಳುತ್ತದೆ. ಗಿಡ ಅದಕ್ಕೆ ಬೀಗ ಹಾಕಿಟ್ಟಿದೆ.

ಬೀಗದ ವಿಷಯಕ್ಕೆ ಹೋಗುವ ಮೊದಲು ಒಂದು ಹಳೆ ಕಥೆ ಹೇಳುತ್ತೇನೆ. ನನಗೆ ಅದು ಇಷ್ಟ. ಬೆಳಕಿನಿಂದ ಎಟಿಪಿ ಆಗುತ್ತದೆ ಅಂತ 1954ರಲ್ಲಿ ಡೇನಿಯಲ್ ಆರ್ನನ್ ಪಾಲಕ್ ಸೊಪ್ಪಿನ ಕ್ಲೋರೋಪ್ಲಾಸ್ಟ್‌ನಲ್ಲಿ ತೋರಿಸಿದರು. ಹೇಗೆ ಆಗುತ್ತದೆ ಅನ್ನೋದು ಆಗ ಗೊತ್ತಿರಲಿಲ್ಲ. 1961ರಲ್ಲಿ ಪೀಟರ್ ಮಿಚೆಲ್ ಎಂಬ ಬ್ರಿಟಿಷ್ ವಿಜ್ಞಾನಿ, ಪೊರೆಯ ಒಂದು ಕಡೆ ಪ್ರೋಟಾನ್ ಜಾಸ್ತಿ, ಇನ್ನೊಂದು ಕಡೆ ಕಡಿಮೆ ಇದ್ದರೆ ಆ ಒತ್ತಡವೇ ಎಟಿಪಿ ಮಾಡಿಸುತ್ತದೆ ಅಂದರು. ಬಹಳ ಜನ ನಂಬಲಿಲ್ಲ.

1966ರಲ್ಲಿ ಆಂಡ್ರೆ ಜಾಗೆಂಡಾರ್ಫ್ ಮತ್ತು ಅರ್ನೆಸ್ಟ್ ಉರಿಬೆ ಒಂದು ಪ್ರಯೋಗ ಮಾಡಿದರು. ಪಾಲಕ್‌ನ ಕ್ಲೋರೋಪ್ಲಾಸ್ಟ್ ಒಳಗಿನ ಚೀಲಗಳಾದ ಥೈಲಕಾಯ್ಡ್ ಪೊರೆಗಳನ್ನು ಕತ್ತಲೆಯಲ್ಲಿ ಪಿಎಚ್ 4ರ ಹುಳಿ ದ್ರಾವಣದಲ್ಲಿ ನೆನೆಹಾಕಿದರು. ಒಳಗೆಲ್ಲ ಹುಳಿ ತುಂಬಿತು. ಪಿಎಚ್ ಕಡಿಮೆ ಇದ್ದಷ್ಟೂ ಹುಳಿ ಜಾಸ್ತಿ, ಹುಳಿ ಅಂದರೆ ಪ್ರೋಟಾನ್. ಆಮೇಲೆ ಥಟ್ಟನೆ ಹೊರಗಿನ ದ್ರಾವಣವನ್ನು ಪಿಎಚ್ 8ಕ್ಕೆ ಏರಿಸಿದರು. ಒಂದು ಹನಿ ಬೆಳಕಿಲ್ಲ, ಆದರೂ ಎಟಿಪಿ ಹುಟ್ಟಿತು! ಅಂದರೆ ಬೆಳಕಿನ ಕೆಲಸ ಕೆರೆ ತುಂಬಿಸುವುದು ಮಾತ್ರ. ಎಟಿಪಿ ಮಾಡುವುದು ತೂಬಿನಿಂದ ಹರಿಯುವ ನೀರು. ಮಿಚೆಲ್‌ಗೆ 1978ರಲ್ಲಿ ನೊಬೆಲ್ ಬಂತು.

ಯಂತ್ರದ ಒಳಗಿನ ವಿಷಯಕ್ಕೆ ಈಗಿನ ಹುಡುಗರೇ ಸರಿ. ಲ್ಯಾಬ್ ಕೋಟು ಇದ್ದಾಳಾ?

ಲ್ಯಾಬ್ ಕೋಟು, ಹರಿಹರದವಳು
ಇದ್ದೀನಿ ಮೇಡಂ. ಪಿಎಚ್‌ಡಿ ಬರೆಯೋದು ಬಿಟ್ಟು ಇಲ್ಲಿ ಬಂದೆ. ನಮ್ಮ ಗೈಡ್ ಕನ್ನಡ ಓದಲ್ಲ ಅನ್ನೋದೇ ಧೈರ್ಯ.

ಪಂಪ್‌ಸೆಟ್ ಅಣ್ಣಾ, ನಿಮಗೆ ಬಿಡಿಭಾಗಗಳ ಲೆಕ್ಕದಲ್ಲೇ ಹೇಳ್ತೀನಿ. ಕ್ಲೋರೋಪ್ಲಾಸ್ಟ್ ಒಳಗೆ ಥೈಲಕಾಯ್ಡ್ ಅನ್ನೋ ಚಪ್ಪಟೆ ಚೀಲಗಳಿವೆ. ಬಿಸಿಲು ಬಿದ್ದಾಗ ಚೀಲದ ಒಳಗೆ ಪ್ರೋಟಾನ್ ತುಂಬುತ್ತವೆ. ಒಳಗಿನ ಪಿಎಚ್ ಸುಮಾರು 6, ಹೊರಗೆ ಸುಮಾರು 8. ಈ ಚೀಲದ ಗೋಡೆಯಲ್ಲಿ ನಮ್ಮ ಮೋಟರ್ ನೆಟ್ಟಿದೆ. ತಲೆ ಹೊರಕ್ಕೆ ಅಣಬೆ ಹಾಗೆ ಚಾಚಿರುತ್ತದೆ. ಇಡೀ ಯಂತ್ರದ ಎತ್ತರ 20 ಚಿಲ್ಲರೆ ನ್ಯಾನೊಮೀಟರ್. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಚೂರು ಮಾಡಿದರೆ ಒಂದು ಚೂರು ಒಂದು ನ್ಯಾನೊಮೀಟರ್.

ಪಾಲಕ್ ಸೊಪ್ಪಿನ ಈ ಇಡೀ ಕಿಣ್ವದ ಚಿತ್ರವನ್ನು 2018ರಲ್ಲಿ ಜರ್ಮನಿಯ ವಿಜ್ಞಾನಿಗಳು ಹೆಪ್ಪುಗಟ್ಟಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತೆಗೆದರು. ಒಟ್ಟು 26 ಪ್ರೋಟೀನ್ ತುಂಡು. ತಲೆಯಲ್ಲಿ ಮೂರು ಆಲ್ಫಾ, ಮೂರು ಬೀಟಾ. ಕಿತ್ತಳೆ ಹಣ್ಣಿನ ತೊಳೆಗಳ ಹಾಗೆ ಒಂದು ಬಿಟ್ಟು ಒಂದು ಜೋಡಿಸಿರುತ್ತವೆ. ನಡುವಿನಲ್ಲಿ ಗಾಮಾ ಅನ್ನೋ ಕಡ್ಡಿ. ಅದೇ ನಿಮ್ಮ ಶಾಫ್ಟ್. ಗಾಮಾದ ಬುಡಕ್ಕೆ ಎಪ್ಸಿಲಾನ್ ಅನ್ನೋ ಚಿಕ್ಕ ತುಂಡು ಅಂಟಿರುತ್ತದೆ. ಕೆಳಗೆ ಪೊರೆಯೊಳಗೆ 14 ತುಂಡಿನ ಒಂದು ಉಂಗುರ. ತಿರುಗೋದು ಈ ಉಂಗುರ, ಶಾಫ್ಟ್, ಎಪ್ಸಿಲಾನ್. ಉಳಿದದ್ದು ನಿಂತಿರುತ್ತದೆ.

ಉಂಗುರ ತಿರುಗೋದು ಹೇಗೆ? ನಮ್ಮ ದುಗ್ಗಮ್ಮನ ಜಾತ್ರೆಯ ತಿರುಗೋ ಕುದುರೆ ನೆನಪು ಮಾಡಿಕೊಳ್ಳಿ. 14 ಕುದುರೆ. ಪ್ರೋಟಾನ್ ಒಂದು ಬಾಗಿಲಲ್ಲಿ ಬಂದು ಕುದುರೆ ಹತ್ತುತ್ತದೆ. ಹೆಚ್ಚುಕಮ್ಮಿ ಪೂರ್ತಿ ಒಂದು ಸುತ್ತು ಹೊಡೆದು ಪಕ್ಕದ ಬಾಗಿಲಲ್ಲಿ ಇಳಿದು ಹೊರಗೆ ಹೋಗುತ್ತದೆ. ಎರಡು ಬಾಗಿಲು ಅಕ್ಕಪಕ್ಕದಲ್ಲೇ ಇದ್ದರೂ ಹತ್ತಿದವನು ಹಿಂದಕ್ಕೆ ಜಿಗಿದು ಇಳಿಯೋ ಹಾಗಿಲ್ಲ. ನಡುವೆ ಆರ್ಜಿನೀನ್ ಅನ್ನೋ ಪಾಸಿಟಿವ್ ಚಾರ್ಜಿನ ಕಾವಲುಗಾರ ನಿಂತಿದ್ದಾನೆ. ಹಾಗಾಗಿ ಸುತ್ತು ಹಾಕಲೇಬೇಕು.

ಪಂಪ್‌ಸೆಟ್ ರಿಪೇರಿ, ಚಳ್ಳಕೆರೆ
ತಂಗೀ, ಇದು ಚೆನ್ನಾಗಿದೆ. ಒಂದು ಡೌಟು. ಶಾಫ್ಟ್ ತಿರುಗಿದರೆ ತಲೆಯೂ ಅದರ ಜೊತೆ ತಿರುಗಿಬಿಡಬೇಕಲ್ಲ? ನಾವು ಮೋಟರ್ ಬಾಡಿಯನ್ನು ಬೋಲ್ಟ್ ಹಾಕಿ ಕಟ್ಟದಿದ್ದರೆ ಅದೇ ಕುಣಿಯೋಕೆ ಶುರು ಮಾಡುತ್ತೆ.

ಲ್ಯಾಬ್ ಕೋಟು, ಹರಿಹರದವಳು
ಅಣ್ಣಾ, ನೀವು ಪಿಎಚ್‌ಡಿಗೆ ಬನ್ನಿ, ನಾನು ಅಂಗಡಿಗೆ ಬರ್ತೀನಿ. ಅದಕ್ಕೇ ಪಕ್ಕದಲ್ಲಿ ಒಂದು ಊರುಗೋಲು ಇದೆ. ಎರಡು ಉದ್ದನೆಯ ತುಂಡು ಪೊರೆಯಿಂದ ಎದ್ದು ಪಕ್ಕದಲ್ಲೇ ಹತ್ತಿ ತಲೆಯ ತುದಿ ಮುಟ್ಟುತ್ತವೆ. ಅಲ್ಲಿ ಡೆಲ್ಟಾ ಅನ್ನೋ ತುಂಡು ಟೋಪಿ ಹಾಗೆ ಕೂತು ಎಲ್ಲವನ್ನೂ ಕಟ್ಟುತ್ತದೆ. ತಲೆ ತಿರುಗದ ಹಾಗೆ ಹಿಡಿಯೋದು ಅದರ ಕೆಲಸ.

ಇನ್ನೊಂದು ಮಜಾ. ಬಿಡಿಭಾಗಗಳು ಒಟ್ಟು ಒಂಬತ್ತು ಬಗೆ. ಆರರ ಜೀನು ಕ್ಲೋರೋಪ್ಲಾಸ್ಟ್‌ನ ಸ್ವಂತ ಡಿಎನ್‌ಎಯಲ್ಲಿದೆ. ಗಾಮಾ, ಡೆಲ್ಟಾ ಮತ್ತು ಊರುಗೋಲಿನ ಒಂದು ತುಂಡು, ಈ ಮೂರರ ಜೀನು ಮಾತ್ರ ಕೋಶಕೇಂದ್ರದಲ್ಲಿದೆ. ಅವನ್ನು ಹೊರಗೆ ಮಾಡಿ ಒಳಗೆ ಸಾಗಿಸಬೇಕು.

ಪಂಪ್‌ಸೆಟ್ ರಿಪೇರಿ, ಚಳ್ಳಕೆರೆ
ಅರ್ಥ ಆಯ್ತು. ಆರು ಲೋಕಲ್ ಮಾಲು, ಮೂರು ಕೊಯಮತ್ತೂರಿಂದ ತರಿಸೋದು.

ಸೆಕೆಂಡ್ ಪಿಯು ಪಿಸಿಎಂಬಿ
ಅಕ್ಕಾ, ನಾನೇ ಆ ತಮ್ಮ. ನನ್ನ ನೋಟ್ಸ್‌ನಲ್ಲಿ ಒಂದು ಎಟಿಪಿಗೆ 3 ಪ್ರೋಟಾನ್ ಅಂತ ಬರೆದುಕೊಂಡಿದ್ದೇನೆ. ಇನ್ನೊಂದು ಕಡೆ 4 ಅಂತ ಇದೆ. ಯಾವುದು ಸರಿ? 14 ಅಂದ್ರೆ ಲೆಕ್ಕ ಕೂಡಲ್ಲ.

ಲ್ಯಾಬ್ ಕೋಟು, ಹರಿಹರದವಳು
ತಮ್ಮಾ, ಪರೀಕ್ಷೆಯಲ್ಲಿ ಪುಸ್ತಕದಲ್ಲಿ ಇರೋದನ್ನೇ ಬರಿ. ಆದರೆ ಲೆಕ್ಕ ಹೀಗೆ. ಶಾಫ್ಟ್ ಒಂದು ಸುತ್ತು ತಿರುಗಿದರೆ ಮೂರು ಬೀಟಾಗಳಿಂದ ಮೂರು ಎಟಿಪಿ. ಒಂದು ಸುತ್ತಿಗೆ 14 ಪ್ರೋಟಾನ್ ಬೇಕು. 14 ಭಾಗ 3, ಅಂದರೆ ಒಂದು ಎಟಿಪಿಗೆ 4.67. ಹಸುವಿನ ಮೈಟೋಕಾಂಡ್ರಿಯಾದಲ್ಲಿ ಉಂಗುರಕ್ಕೆ 8 ತುಂಡು, ಅಂದರೆ 2.67. ಯೀಸ್ಟ್‌ನಲ್ಲಿ 10. ಸ್ಪಿರುಲಿನಾದಲ್ಲಿ 15. ಎಲ್ಲರಿಗೂ ಒಂದೇ ಸಂಖ್ಯೆ ಅಂತ ಇಲ್ಲ.

ಹಸುವೇ ಜಾಣ, ಗಿಡ ದಂಡ ಅಂತ ಅನ್ನಿಸಬಹುದು. ಹಾಗಲ್ಲ. ಇದು ಟ್ರ್ಯಾಕ್ಟರ್ ಗೇರ್ ಇದ್ದ ಹಾಗೆ. ಒಂದು ಮೋಲ್ ಎಟಿಪಿಗೆ 50 ಕಿಲೋಜೂಲ್ ಬೇಕು ಅಂತ ಇಟ್ಟುಕೋ. 8ರ ಉಂಗುರಕ್ಕೆ ಸುಮಾರು 195 ಮಿಲಿವೋಲ್ಟ್ ಒತ್ತಡ ಬೇಕು. 14ರ ಉಂಗುರಕ್ಕೆ ಸುಮಾರು 110 ಸಾಕು. ಬೆಳಗಿನ ಮಂದ ಬಿಸಿಲಲ್ಲೂ ಗಿಡಕ್ಕೆ ಕೆಲಸ ಸಾಗಬೇಕಲ್ಲ. ಫಸ್ಟ್ ಗೇರ್ ಹಾಕಿದೆ. ನಿಧಾನ, ಆದರೆ ಏರು ಹತ್ತುತ್ತದೆ.

ಇನ್ನೂ ಒಂದು ಲೆಕ್ಕ. ಇದು ನಿಮ್ಮ ಮೆಕ್ಕೆಜೋಳಕ್ಕೆ ಸಂಬಂಧಪಟ್ಟದ್ದು. ನೀರು ಒಡೆದು 2 ಎನ್‌ಎಡಿಪಿಎಚ್ (ಎಲೆಕ್ಟ್ರಾನ್ ಹೊತ್ತೊಯ್ಯುವ ಅಣು) ಮಾಡುವಾಗ ಚೀಲದೊಳಕ್ಕೆ 12 ಪ್ರೋಟಾನ್ ಬರುತ್ತವೆ. 12 ಭಾಗ 4.67, ಅಂದರೆ 2.57 ಎಟಿಪಿ. ಆದರೆ ಒಂದು ಇಂಗಾಲದ ಡೈಆಕ್ಸೈಡ್ ಕಟ್ಟಲು ಕ್ಯಾಲ್ವಿನ್ ಚಕ್ರಕ್ಕೆ, ಅಂದರೆ ಸಕ್ಕರೆ ಕಟ್ಟುವ ಕ್ರಿಯೆಗಳ ಸರಣಿಗೆ, 3 ಎಟಿಪಿ ಬೇಕು. ಸ್ವಲ್ಪ ಕಡಿಮೆ ಬಿತ್ತು. ಆ ಕೊರತೆ ತುಂಬಲು ಗಿಡ ಎಲೆಕ್ಟ್ರಾನ್‌ಗಳನ್ನು ಅಲ್ಲೇ ಸುತ್ತು ಹೊಡೆಸಿ ಬರೀ ಪ್ರೋಟಾನ್ ತುಂಬಿಸುತ್ತದೆ. ಮೆಕ್ಕೆಜೋಳಕ್ಕಂತೂ 3 ಅಲ್ಲ, 5 ಎಟಿಪಿ ಬೇಕು. ಅದಕ್ಕೇ ಅದರ ಎಲೆಯ ನರದ ಸುತ್ತ ಇರುವ ಕೋಶಗಳಲ್ಲಿ ಈ ಸುತ್ತು ಹೊಡೆಸುವ ಕೆಲಸ ಭಾರಿ ಜೋರು.

ನಿವೃತ್ತ ಬಾಟನಿ ಮೇಡಂ, ದಾವಣಗೆರೆ
ಒಂದು ಮಾತು ಸೇರಿಸುತ್ತೇನೆ. ಶಾಫ್ಟ್ ತಿರುಗಿದರೆ ಎಟಿಪಿ ಹೇಗೆ ‘ಹುಟ್ಟುತ್ತದೆ’ ಅನ್ನೋದರಲ್ಲಿ ಮಕ್ಕಳು ಯಾವಾಗಲೂ ತಪ್ಪುತ್ತಾರೆ. ಎಡಿಪಿ ಅನ್ನೋ ಅಣುವಿಗೆ ಇನ್ನೊಂದು ಫಾಸ್ಫೇಟ್ ಅಂಟಿದರೆ ಎಟಿಪಿ. ಹಾಗೆ ಅಂಟಿಸಲು ಶಕ್ತಿ ಹೋಗುತ್ತದೆ ಅಂದುಕೊಳ್ಳುತ್ತಾರೆ. ಪಾಲ್ ಬಾಯರ್ ಹೇಳಿದ್ದು ಬೇರೆ. ಬೀಟಾದ ಬಿಗಿ ಹಿಡಿತದಲ್ಲಿ ಅವೆರಡು ಅಂಟಿಕೊಳ್ಳೋದು ಸುಲಭ. ಆದ ಎಟಿಪಿಯನ್ನು ಬಿಡಿಸಿ ಹೊರಗೆ ಕಳಿಸೋದೇ ಕಷ್ಟ. ರೊಟ್ಟಿ ತಟ್ಟಿದವರಿಗೆ ಇದು ಬೇಗ ತಿಳಿಯುತ್ತದೆ. ತಟ್ಟೋದೇನು ಮಹಾ, ಹರಿಯದ ಹಾಗೆ ಎಬ್ಬಿಸಿ ಹಂಚಿಗೆ ಹಾಕೋದರಲ್ಲಿ ಇದೆ ಕೈಚಳಕ. ಶಾಫ್ಟ್ ತಿರುಗಿದಾಗ ಬೀಟಾದ ಆಕಾರ ಬದಲಾಗಿ ರೊಟ್ಟಿ ಎದ್ದು ಬರುತ್ತದೆ.

ಬಾಯರ್ ಮತ್ತು ಜಾನ್ ವಾಕರ್‌ಗೆ 1997ರಲ್ಲಿ ನೊಬೆಲ್. ಅದೇ ವರ್ಷ ಜಪಾನಿನ ನೋಜಿ, ಯೋಶಿಡಾ, ಕಿನೋಸಿಟಾ ತಂಡ ಗಾಮಾ ಕಡ್ಡಿಗೆ ಹೊಳೆಯುವ ಆಕ್ಟಿನ್ ಎಳೆ ಕಟ್ಟಿ, ಅದು ತಿರುಗೋದನ್ನು ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ನೋಡಿತು. ಗಮನಿಸಿ ಪಂಪ್‌ಸೆಟ್ ಅವರೇ, ಅವರು ತಿರುಗಿಸಿದ್ದು ಉಲ್ಟಾ. ಎಟಿಪಿ ಹಾಕಿ ತಿರುಗಿಸಿದ್ದು. ನಿಮ್ಮ ಪ್ರಶ್ನೆಗೆ ಇದಕ್ಕಿಂತ ಸಾಕ್ಷಿ ಬೇಕೆ? ಅದು ಬ್ಯಾಕ್ಟೀರಿಯಾದ ಕಿಣ್ವ, ಎಲೆಯದ್ದಲ್ಲ, ಅಷ್ಟೇ ವ್ಯತ್ಯಾಸ.

ತೋಟದ ಮನೆ, ಚನ್ನಗಿರಿ
ಎಲ್ಲ ಓದಿದೆ. ಬೀಗ ಬೀಗ ಅಂತೀರಿ, ಬೀಗ ಎಲ್ಲಿದೆ ಅಂತ ಹೇಳಲೇ ಇಲ್ಲ.

ಲ್ಯಾಬ್ ಕೋಟು, ಹರಿಹರದವಳು
ಹೇಳ್ತೀನಿ ಯಜಮಾನ್ರೇ. ಬೀಗ ಇರೋದು ಶಾಫ್ಟ್‌ನಲ್ಲೇ. ಗಾಮಾದಲ್ಲಿ ಗಂಧಕ ಇರುವ ಎರಡು ಸಿಸ್ಟೀನ್ ಅನ್ನೋ ಅಮೈನೋ ಆಮ್ಲಗಳಿವೆ. ಪಾಲಕ್‌ನಲ್ಲಿ 199ನೇ ಜಾಗ ಮತ್ತು 205ನೇ ಜಾಗ. ಕತ್ತಲೆಯಲ್ಲಿ ಈ ಎರಡು ಗಂಧಕ ಕೈಕೈ ಹಿಡಿದು ಕೊಂಡಿ ಹಾಕಿಕೊಳ್ಳುತ್ತವೆ. ಆಗ ಗಾಮಾದ ಮೇಲಿನ ಮಡಿಕೆಗಳು ಬಿಗಿಯಾಗಿ ನಿಂತು, ತಿರುಗದ ತಲೆಯ ಬೀಟಾ ತುಂಡಿಗೆ ಬೆಣೆ ಹಾಗೆ ಸಿಕ್ಕಿಕೊಳ್ಳುತ್ತವೆ. ಗಾಡಿ ಚಕ್ರಕ್ಕೆ ಕಲ್ಲು ಕೊಟ್ಟ ಹಾಗೆ. 2018ರ ಚಿತ್ರದಲ್ಲಿ ಇದು ಕಾಣಿಸಿತು.

ಬೆಳಗಾದರೆ ಏನಾಗುತ್ತದೆ? ಬೆಳಕು ಹಿಡಿಯುವ ವ್ಯವಸ್ಥೆಯಿಂದ ಎಲೆಕ್ಟ್ರಾನ್‌ಗಳು ಫೆರೆಡಾಕ್ಸಿನ್ ಅನ್ನೋ ಪ್ರೋಟೀನಿಗೆ ಬರುತ್ತವೆ. ಅಲ್ಲಿಂದ ಒಂದು ಕಿಣ್ವದ ಮೂಲಕ ಥಯೋರೆಡಾಕ್ಸಿನ್‌ಗೆ. ಥಯೋರೆಡಾಕ್ಸಿನ್ ಓಡಾಡೋ ಚಿಕ್ಕ ಪ್ರೋಟೀನು. ಅದು ಗಾಮಾದ ಹತ್ತಿರ ಬಂದು ಎಲೆಕ್ಟ್ರಾನ್ ಕೊಟ್ಟು ಗಂಧಕದ ಕೊಂಡಿ ಬಿಚ್ಚುತ್ತದೆ. ಬೆಣೆ ಸಡಿಲ. ಮೋಟರ್ ಚಾಲೂ.

ತೋಟದ ಮನೆ, ಚನ್ನಗಿರಿ
ಓಹೋ. ಇದು ನಮ್ಮ ನೀರುಗಂಟಿ ಕೆಲಸ. ನಮ್ಮ ಅಜ್ಜನ ಕಾಲದಲ್ಲಿ ಕೆರೆ ತೂಬು ತೆಗೆಯೋಕೆ ನೀರುಗಂಟಿ ಅಂತ ಒಬ್ಬ ಇದ್ದ. ಕೆರೆಯಲ್ಲಿ ನೀರಿದೆ ಅಂತ ಯಾರೂ ತೂಬು ಮುಟ್ಟೋ ಹಾಗಿಲ್ಲ. ಅವನು ಬಂದು ತೆಗೆದರೇ ನೀರು.

ಲ್ಯಾಬ್ ಕೋಟು, ಹರಿಹರದವಳು
ಅದೇ! ಥಯೋರೆಡಾಕ್ಸಿನ್‌ಗೆ ನೀರುಗಂಟಿಗಿಂತ ಒಳ್ಳೆ ಹೆಸರು ಇನ್ನೊಂದಿಲ್ಲ. ಮತ್ತೆ ಈ ನೀರುಗಂಟಿ ಒಂದೇ ತೂಬು ನೋಡಿಕೊಳ್ಳಲ್ಲ. ಕ್ಯಾಲ್ವಿನ್ ಚಕ್ರದ ಹಲವು ಕಿಣ್ವಗಳ ಬೀಗವನ್ನೂ ಅವನೇ ತೆಗೀತಾನೆ. ಬೆಳಗ್ಗೆ ಒಬ್ಬನೇ ಬಂದು ಊರ ತೂಬೆಲ್ಲ ಎತ್ತುತ್ತಾನೆ. ಮೊದಲು ತೆರೆಯೋದು ಎಟಿಪಿ ತೂಬು, ಮಂದ ಬೆಳಕಲ್ಲೇ. ಸಕ್ಕರೆ ಕಟ್ಟುವ ಕೆಲವು ಕಿಣ್ವಗಳು ತೆರೆಯಲು ಇನ್ನೂ ಜಾಸ್ತಿ ಬೆಳಕು ಬೇಕು.

ಕೋಟೆ ಹತ್ತಿದವ, ಚಿತ್ರದುರ್ಗ
ಒಂದು ತಕರಾರು. ರಾತ್ರಿ ಪೂರ್ತಿ ಬೀಗ ಅಂದ್ರೆ ಕ್ಲೋರೋಪ್ಲಾಸ್ಟ್ ಸತ್ತ ಹಾಗೆ ಬಿದ್ದಿರುತ್ತಾ? ಅಲ್ಲಿ ರಾತ್ರಿ ಪಾಳಿ ಕೆಲಸ ಏನೂ ಇಲ್ವಾ?

ಲ್ಯಾಬ್ ಕೋಟು, ಹರಿಹರದವಳು
ಸರಿಯಾದ ತಕರಾರು. ಎರಡು ವಿಷಯ. ರಾತ್ರಿ ಎಟಿಪಿಯ ಜವಾಬ್ದಾರಿ ಮೈಟೋಕಾಂಡ್ರಿಯಾದ್ದು. ಹಗಲು ಮಾಡಿಟ್ಟ ಪಿಷ್ಟ ಕರಗಿ ಸಕ್ಕರೆ ಆಗುತ್ತದೆ, ಅದನ್ನು ಉರಿಸಿ ಎಟಿಪಿ. ಅಲ್ಲೂ ಇದೇ ಬಗೆಯ ಮೋಟರ್ ಇದೆ, ಆದರೆ ಅದಕ್ಕೆ ಈ ಗಂಧಕದ ಬೀಗ ಇಲ್ಲ.

ಎರಡನೆಯದು, ಬೀಗ ಅಂತ ನಾವೆಲ್ಲ ಹೇಳಿದ್ದು ಪೂರ್ತಿ ನಿಜ ಅಲ್ಲ. ಕೊಂಡಿ ಹಾಕಿದ್ದಾಗಲೂ ಪ್ರೋಟಾನ್ ಒತ್ತಡ ತುಂಬಾ ಜಾಸ್ತಿ ಇದ್ದರೆ ಕಿಣ್ವ ತಿರುಗುತ್ತದೆ. ಕೊಂಡಿ ಬಿಚ್ಚಿದರೆ ಕಡಿಮೆ ಒತ್ತಡಕ್ಕೂ ತಿರುಗುತ್ತದೆ. ಬಿಗಿಯಾದ ಬಾಗಿಲು, ಒದ್ದರೆ ತೆರೆಯುತ್ತದೆ ಅನ್ನಿ. ಇದಲ್ಲದೆ ಎಪ್ಸಿಲಾನ್ ಕೂಡ ಉಲ್ಟಾ ಓಟಕ್ಕೆ ಅಡ್ಡ ನಿಲ್ಲುತ್ತದೆ. ಎಡಿಪಿ ಮೆಗ್ನೀಸಿಯಂ ಜೊತೆ ಬಂದು ಬೀಟಾದಲ್ಲಿ ಸಿಕ್ಕಿಕೊಂಡು ಕೂತರೂ ತಡೆ. ಒಟ್ಟು ಮೂರು ತಡೆ.

ಇನ್ನೊಂದು ಸಾಕ್ಷಿ ಸಯನೋಬ್ಯಾಕ್ಟೀರಿಯಾ. ಅವುಗಳ ಗಾಮಾದಲ್ಲಿ ಆ ಎರಡು ಸಿಸ್ಟೀನ್ ಇಲ್ಲ. ಯಾಕೆ ಅಂದ್ರೆ ಅವು ದ್ಯುತಿಸಂಶ್ಲೇಷಣೆ ಮಾಡೋ ಪೊರೆಯಲ್ಲೇ ರಾತ್ರಿ ಉಸಿರಾಟವೂ ಮಾಡುತ್ತವೆ. ಮೋಟರ್ ರಾತ್ರಿಯೂ ಓಡಬೇಕು. ಬೀಗ ಹಾಕಿದರೆ ಅವಕ್ಕೇ ನಷ್ಟ. ಬೀಗ ಬಂದಿದ್ದು ಹಸಿರು ಪಾಚಿ ಮತ್ತು ಗಿಡಗಳ ಸಾಲಿನಲ್ಲಿ.

ತೋಟದ ಮನೆ, ಚನ್ನಗಿರಿ
ಎಲ್ಲ ಸರಿ, ರೈತನಿಗೆ ಉಪಯೋಗ ಏನು? ಹೋದ ಬೇಸಿಗೆಯಲ್ಲಿ ಅಡಿಕೆ ಸಸಿ ಹಳದಿ ತಿರುಗಿತ್ತು. ಔಷಧಿ ಅಂಗಡಿಯವರೊಬ್ಬರು ‘ಗಿಡದ ಎನರ್ಜಿ ಹೆಚ್ಚಿಸುತ್ತೆ, ಇದರಲ್ಲಿ ಎಟಿಪಿ ಇದೆ’ ಅಂತ ಒಂದು ಬಾಟಲಿ ಕೊಟ್ಟರು. ದುಬಾರಿ. ಹೊಡೆದೆ. ಏನೂ ಆಗಲಿಲ್ಲ. ಮಳೆ ಬಂದ ಮೇಲೆ ತಾನಾಗಿಯೇ ಹಸಿರಾಯಿತು.

ನಿವೃತ್ತ ಬಾಟನಿ ಮೇಡಂ, ದಾವಣಗೆರೆ
ದುಡ್ಡು ಹೋಯಿತು, ಬಿಡಿ. ಎಟಿಪಿ ಬಾಟಲಿಯಲ್ಲಿ ತುಂಬಿ ಎಲೆಗೆ ಸಿಂಪಡಿಸುವ ವಸ್ತು ಅಲ್ಲ. ದೊಡ್ಡ ಅಣು, ಮೈತುಂಬ ಚಾರ್ಜ್. ಎಲೆಯ ಮೇಣದ ಪದರ, ಕೋಶದ ಪೊರೆ, ಆಮೇಲೆ ಕ್ಲೋರೋಪ್ಲಾಸ್ಟ್‌ನ ಎರಡು ಪೊರೆ ದಾಟಿ ಒಳಗೆ ಹೋಗಿ ಕೆಲಸಕ್ಕೆ ಬರುವುದು ನಡೆಯದ ಮಾತು. ಗಿಡ ಅದನ್ನು ಕೂಡಿಡುವುದೂ ಇಲ್ಲ. ಆಗಲೇ ಮಾಡಿ ಆಗಲೇ ಖರ್ಚು ಮಾಡುತ್ತದೆ. ಒಂದೊಂದು ಮೋಟರೂ ಸೆಕೆಂಡಿಗೆ ನೂರಾರು ಎಟಿಪಿ ಹೊರಹಾಕಬಲ್ಲದು. ಅದರ ಮುಂದೆ ನಿಮ್ಮ ಬಾಟಲಿ ಯಾವ ಮೂಲೆಗೆ?

ಮುಂದಿನ ಸಲ ಹಳದಿ ಕಂಡರೆ ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ನಮ್ಮ ತರಳಬಾಳು ಕೃಷಿ ವಿಜ್ಞಾನ ಕೇಂದ್ರ ಇದೆ, ಹಿರಿಯೂರಿನವರಿಗೆ ಬಬ್ಬೂರು ಫಾರಂ ಇದೆ. ಅಲ್ಲಿ ಕೇಳಿದ ಮೇಲೆ ಅಂಗಡಿಗೆ ಹೋಗಿ.

ಲ್ಯಾಬ್ ಕೋಟು, ಹರಿಹರದವಳು
ಉಪಯೋಗದ ಪ್ರಶ್ನೆಗೆ ನನ್ನದೂ ಒಂದು ಉತ್ತರ. ಈ ಮೋಟರಿಗೆ ಬೇಕಾದ ಕಚ್ಚಾ ಮಾಲು ಎರಡು: ಎಡಿಪಿ ಮತ್ತು ಫಾಸ್ಫೇಟ್. ಬಾರ್ಲಿಯಲ್ಲಿ ನೋಡಿದ್ದಾರೆ. ರಂಜಕದ ಕೊರತೆ ಆದರೆ ಫಾಸ್ಫೇಟ್ ಸಾಲದೆ ಮೋಟರ್ ನಿಧಾನ ಆಗುತ್ತದೆ. ಪ್ರೋಟಾನ್ ಹೊರಗೆ ಹೋಗಲು ದಾರಿ ಇಲ್ಲ, ಚೀಲದೊಳಗೆ ಹುಳಿ ಏರುತ್ತದೆ. ಹುಳಿ ಏರಿದರೆ ಇಡೀ ಎಲೆಕ್ಟ್ರಾನ್ ಓಟಕ್ಕೇ ಬ್ರೇಕು. ಡಿಎಪಿ ಯಾಕೆ ಹಾಕ್ತೀವಿ ಅನ್ನೋದಕ್ಕೆ ಇದೂ ಒಂದು ಕಾರಣ. ಸುಮ್ನೆ ಸುರಿಯೋಕೆ ಇದು ನೆಪ ಅಲ್ಲ ಮತ್ತೆ. ಮೇಡಂ ಹೇಳಿದ ಹಾಗೆ ಪರೀಕ್ಷೆ ಮೊದಲು.

ಬರಗಾಲದ ಕಥೆ ಇನ್ನೂ ಚೆನ್ನಾಗಿದೆ. ನೀರಿಲ್ಲದೆ ಎಲೆಯ ರಂಧ್ರ ಮುಚ್ಚಿದಾಗ ಇಂಗಾಲದ ಡೈಆಕ್ಸೈಡ್ ಒಳಗೆ ಬರಲ್ಲ. ಎಟಿಪಿ ಖರ್ಚಾಗಲ್ಲ. ಬಿಸಿಲು ಮಾತ್ರ ಸುರೀತಾನೇ ಇರುತ್ತೆ. ಆಗ ಗಿಡ ಮೋಟರಿನ ತೂಬು ಸಣ್ಣ ಮಾಡುತ್ತದೆ. ಚೀಲದೊಳಗೆ ಹುಳಿ ಏರುತ್ತದೆ. ಆ ಹುಳಿಯೇ ಗಂಟೆ ಬಾರಿಸುತ್ತದೆ. ಬೆಳಕು ಹಿಡಿಯುವ ಜಾಗದಲ್ಲಿ ಜಿಯಾಜಾಂಥಿನ್ ಅನ್ನೋ ಹಳದಿ ಬಣ್ಣದ ವಸ್ತು ಏರುತ್ತದೆ, ಹೆಚ್ಚಾದ ಬೆಳಕು ಶಾಖವಾಗಿ ಹೊರಗೆ ಹೋಗುತ್ತದೆ. ಎಲೆ ಸುಡಲ್ಲ. ಕಲಹರಿ ಮರುಭೂಮಿಯ ಕಾಡು ಕಲ್ಲಂಗಡಿಯಲ್ಲಿ ಬರ ಬಿದ್ದಾಗ ಈ ಕಿಣ್ವದ ಪ್ರಮಾಣವೇ ಇಳಿಯುತ್ತದೆ ಅಂತ ಕಂಡುಕೊಂಡಿದ್ದಾರೆ.

ಕೋಟೆ ಹತ್ತಿದವ, ಚಿತ್ರದುರ್ಗ
ಅಂದ್ರೆ ಕೋಡಿ ಬಿದ್ದ ಹಾಗೆ. 2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ನೋಡೋಕೆ ಹೋಗಿದ್ದೆ. ಎಂಥಾ ಜನ! ಏರಿ ಒಡೆಯೋ ಮೊದಲು ಜಾಸ್ತಿ ನೀರು ಬೇರೆ ದಾರಿ ಹಿಡಿದು ಹೋಗಬೇಕು.

ಲ್ಯಾಬ್ ಕೋಟು, ಹರಿಹರದವಳು
ಹತ್ತಿರ ಇದೆ ಅಣ್ಣಾ, ಒಂದು ಸಣ್ಣ ತಿದ್ದುಪಡಿ. ಕೋಡಿಯಲ್ಲಿ ಹೋಗೋದು ಕೆರೆಯ ನೀರು. ಇಲ್ಲಿ ಹೊರಗೆ ಹೋಗೋದು ಪ್ರೋಟಾನ್ ಅಲ್ಲ, ಬೆಳಕಿನ ಶಕ್ತಿ. ಕೆರೆ ತುಂಬಿದ್ದು ಕಂಡು ಮೇಲಿನ ಮಳೆಯನ್ನೇ ಬೇರೆ ಕಡೆ ತಿರುಗಿಸಿದ ಹಾಗೆ.

ಈರುಳ್ಳಿ ಬೆಳೆಗಾರ, ಚಿತ್ರದುರ್ಗ ತಾಲ್ಲೂಕು
ಈ ಮೋಟರಿಗೆ ರೋಗ ಬರುತ್ತಾ? ನಮ್ಮ ಈರುಳ್ಳಿಗೆ ಆಲ್ಟರ್ನೇರಿಯಾ ಬಂದು ಎಲೆಯಲ್ಲಿ ನೇರಳೆ ಮಚ್ಚೆ. ಪ್ರತಿ ವರ್ಷ ಇದೇ ಗೋಳು.

ಲ್ಯಾಬ್ ಕೋಟು, ಹರಿಹರದವಳು
ಅಣ್ಣಾ, ನೀವು ಗೊತ್ತಿಲ್ಲದೆ ಸರಿಯಾದ ಜಾಗಕ್ಕೇ ಕೈ ಹಾಕಿದ್ರಿ. ಆಲ್ಟರ್ನೇರಿಯಾ ಆಲ್ಟರ್ನೇಟಾ ಅನ್ನೋ ಶಿಲೀಂಧ್ರ ಟೆಂಟಾಕ್ಸಿನ್ ಅನ್ನೋ ವಿಷ ಮಾಡುತ್ತದೆ. ಬರೀ ನಾಲ್ಕು ಅಮೈನೋ ಆಮ್ಲದ ಒಂದು ಚಿಕ್ಕ ಬಳೆ. ಅದು ಹೋಗಿ ಇದೇ ಮೋಟರಿನ ತಲೆಗೆ, ಆಲ್ಫಾ ಬೀಟಾ ಸೇರುವ ಜಾಗಕ್ಕೆ, ಸಿಕ್ಕಿಹಾಕಿಕೊಳ್ಳುತ್ತದೆ. ಮೋಟರ್ ಜಾಮ್. ಎಳೆ ಸಸಿ ಬಿಳಿಚಿಕೊಳ್ಳುತ್ತದೆ. ಮೊದಲು ಇದನ್ನು ಗಮನಿಸಿದ್ದು 1960ರ ದಶಕದಲ್ಲಿ, ಹತ್ತಿ ಸಸಿಗಳ ಎಲೆ ಮಚ್ಚೆ ಮಚ್ಚೆಯಾಗಿ ಬಿಳಿಚಿಕೊಂಡಾಗ. ಮಿಲ್‌ಗಳ ಊರಾದ ದಾವಣಗೆರೆಯವರು ಹತ್ತಿ ಅಂದ ಕೂಡಲೇ ತಲೆ ಎತ್ತಬೇಕು.

ಆದರೆ ನಿಮ್ಮ ಈರುಳ್ಳಿಯ ನೇರಳೆ ಮಚ್ಚೆ ಬೇರೆ ಜಾತಿಯದ್ದು, ಆಲ್ಟರ್ನೇರಿಯಾ ಪೋರಿ. ಎರಡನ್ನೂ ಒಂದೇ ಅಂತ ಗಂಟು ಹಾಕಬೇಡಿ. ಟೆಂಟಾಕ್ಸಿನ್‌ನ ಇನ್ನೊಂದು ವಿಚಿತ್ರ: ಕೆಲವು ಗಿಡಗಳಿಗೆ ಮಾತ್ರ ತಾಗುತ್ತದೆ. ತಂಬಾಕಿನ ಜಾತಿಗಳಲ್ಲಿ ನೋಡಿದಾಗ ಬೀಟಾದ 83ನೇ ಜಾಗದ ಒಂದೇ ಒಂದು ಅಮೈನೋ ಆಮ್ಲ ಇದನ್ನು ನಿರ್ಧರಿಸುತ್ತದೆ ಅಂತ 1992ರಲ್ಲಿ ಗೊತ್ತಾಯಿತು. ಅಲ್ಲಿ ಆಸ್ಪಾರ್ಟೇಟ್ ಇದ್ದರೆ ವಿಷ ತಾಗುತ್ತದೆ, ಗ್ಲುಟಮೇಟ್ ಇದ್ದರೆ ಇಲ್ಲ. ಎರಡಕ್ಕೂ ಇರುವ ವ್ಯತ್ಯಾಸ ಒಂದು ಇಂಗಾಲದ ಕೊಂಡಿ, ಅಷ್ಟೇ.

ಈರುಳ್ಳಿ ಬೆಳೆಗಾರ, ಚಿತ್ರದುರ್ಗ ತಾಲ್ಲೂಕು
ಒಂದು ಬೋಲ್ಟ್ ಸೈಜ್ ಬೇರೆ ಆಯ್ತು, ಕಳ್ಳನ ಪಾನಾ ಕೂರಲಿಲ್ಲ ಅಂತ ಆಯ್ತು.

ಸೆಕೆಂಡ್ ಪಿಯು ಪಿಸಿಎಂಬಿ
ಅಕ್ಕಾ, ಕೊನೆಗೆ ಒಂದು. ಮಳೆಗಾಲದಲ್ಲಿ ಮೋಡ ಬಂದು ಹೋಗಿ ಮಾಡುತ್ತೆ. ಪ್ರತಿ ಸಲ ಮೋಡ ಬಂದಾಗ ಬೀಗ ಬಿದ್ದು, ಬಿಸಿಲು ಬಂದಾಗ ಮತ್ತೆ ತೆಗೀಬೇಕಾ? ಹಾಗಾದ್ರೆ ದಿನವೆಲ್ಲ ಅದೇ ಕೆಲಸ ಆಗಲ್ವಾ?

ಲ್ಯಾಬ್ ಕೋಟು, ಹರಿಹರದವಳು
ಇಲ್ಲ ತಮ್ಮಾ. ಬೀಗ ತೆರೆಯೋದು ಬೇಗ, ಬೀಳೋದು ನಿಧಾನ. ಬೆಳಕು ಬಿದ್ದರೆ ಸ್ವಲ್ಪ ಹೊತ್ತಿನಲ್ಲೇ ಕೊಂಡಿ ಬಿಚ್ಚುತ್ತದೆ. ಕತ್ತಲಾದ ಮೇಲೆ ಮತ್ತೆ ಕೊಂಡಿ ಕೂಡೋಕೆ ಹಲವು ನಿಮಿಷ ಬೇಕು. ಮೋಡದ ನೆರಳು ಅಷ್ಟರಲ್ಲಿ ದಾಟಿ ಹೋಗಿರುತ್ತದೆ. ಅದೂ ಅಲ್ಲದೆ ಮೋಡದ ಕೆಳಗಿನ ಮಂದ ಬೆಳಕೇ ಕೊಂಡಿ ಬಿಚ್ಚಿಡಲು ಸಾಕು. ನಿಜವಾದ ಸಂಜೆ ಆದರೆ ಮಾತ್ರ ಬೀಗ.

ಪಂಪ್‌ಸೆಟ್ ರಿಪೇರಿ, ಚಳ್ಳಕೆರೆ
ಟೈಮರ್! ಇದನ್ನೇ ನಾನು ಆ ಪರಶುರಾಂಪುರದ ಯಜಮಾನ್ರಿಗೆ ಹೇಳಿದ್ದು. ಕರೆಂಟ್ ಬಂದ ತಕ್ಷಣ ಸ್ಟಾರ್ಟರ್ ಎಳೀಬಾರದು, ಪಂಪ್ ಪೂರ್ತಿ ನಿಲ್ಲೋವರೆಗೆ ಒಂದೆರಡು ನಿಮಿಷ ಟೈಮರ್ ಇಡಿ ಅಂತ. ಗಿಡ ಟೈಮರನ್ನು ಬೀಗ ಬೀಳೋ ಕಡೆ ಇಟ್ಟಿದೆ. ನಾವು ಸ್ಟಾರ್ಟ್ ಆಗೋ ಕಡೆ ಇಡ್ತೀವಿ.

ಮೇಡಂ, ತಂಗೀ, ಎಲ್ಲರಿಗೂ ಥ್ಯಾಂಕ್ಸ್. ತಮ್ಮ ಅಂಗಡಿಯ ಶಟರ್ ಮೇಲೆ ಸೀಮೆಸುಣ್ಣದಲ್ಲಿ 14 ಕುದುರೆ ಬರೆದಿದ್ದಾನೆ. ಬೆಳಗ್ಗೆ ಬಂದ ಗಿರಾಕಿ ‘ಇದು ಯಾವ ಕಂಪನಿ ಇಂಪೆಲ್ಲರ್’ ಅಂತ ಕೇಳಿದರು. ನಾಳೆ ಆರಕ್ಕೆ ಪರಶುರಾಂಪುರಕ್ಕೆ ಹೋಗಬೇಕು, ಹೊಸ ಎನ್‌ಆರ್‌ವಿ ಹಾಕೋದಿದೆ. ಮಲಗ್ತೀನಿ.